ಪಿಂಚಣಿ ಹೂಡಿಕೆ: ವರ್ಷಕ್ಕೊಮ್ಮೆ ನೋಡಿದರೆ ಸಾಕು

ಮಾನ್ಯ ಸಂಪಾದಕರೇ,

ಷೇರುಪೇಟೆ ಬಿದ್ದ ಸುದ್ದಿ ಬಂದ ದಿನ ಮೊಬೈಲಿನಲ್ಲಿ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ), ಮ್ಯೂಚುವಲ್ ಫಂಡ್ ಖಾತೆ ತೆರೆದು ಹೌಹಾರುವವರು ಮಂಜೇಶ್ವರ, ಕಾಸರಗೋಡು ಕಡೆ ಈಗ ಕಡಿಮೆಯಿಲ್ಲ. ಮಂಗಳೂರಿನ ಖಾಸಗಿ ಸಂಸ್ಥೆಗಳಲ್ಲಿ, ಗಲ್ಫಿನಲ್ಲಿ ದುಡಿಯುವ ಇವರಿಗೆ ಸರಕಾರಿ ಪಿಂಚಣಿಯ ಆಸರೆಯಿಲ್ಲ, ಆತಂಕ ಸಹಜವೇ. ಆದರೆ ಹದಿನೈದು ವರ್ಷ ಕಳೆದು ಬೇಕಾಗುವ ಹಣವನ್ನು ದಿನಾ ನೋಡಿ ಪ್ರಯೋಜನವಿಲ್ಲ. ವರ್ಷಕ್ಕೊಂದು ದಿನ ಗೊತ್ತು ಮಾಡಿಕೊಂಡರಾಯಿತು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ನಮ್ಮವರು ಮರೆಯದ ದಿನ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ಮಾರ್ಚ್ ಅಂತ್ಯದ ಲೆಕ್ಕಪಟ್ಟಿಗಳೂ ಸಿಕ್ಕಿರುತ್ತವೆ.

ಅಂದು ನೋಡಬೇಕಾದ್ದು ಷೇರಿನ ಪಾಲು ಎಷ್ಟು ಸರಿದಿದೆ ಎಂಬುದನ್ನು. 10 ಲಕ್ಷದಲ್ಲಿ ಷೇರು ಶೇ. 60, ಸಾಲಪತ್ರ (ಬಾಂಡ್) ಶೇ. 40 ಎಂಬ ಗುರಿ ಎಂದಿಟ್ಟುಕೊಳ್ಳಿ. ಷೇರಿನ 6 ಲಕ್ಷ 8.40 ಲಕ್ಷವಾಗಿ, ಉಳಿದ 4 ಲಕ್ಷ 4.28 ಲಕ್ಷವಾದರೆ ಷೇರಿನ ಪಾಲು ಶೇ. 66 ದಾಟಿತು. ಗುರಿಯಿಂದ 5 ಶೇಕಡಾ ಅಂಶಕ್ಕಿಂತ ಹೆಚ್ಚು ಸರಿದರೆ ಮಾತ್ರ ಕೈಹಾಕಿ. ಅದಕ್ಕಿಂತ ಕಡಿಮೆಯಿದ್ದರೆ ಖಾತೆ ಮುಚ್ಚಿ ಎದ್ದುಬಿಡಿ. ಇಲ್ಲಿ ಸರಿಪಡಿಸಲು 79,200 ರೂಪಾಯಿ ಷೇರಿನಿಂದ ಸಾಲಪತ್ರಕ್ಕೆ ಹೋಗಬೇಕು. ಮಾರುವ ಮನಸ್ಸಿಲ್ಲದವರು ಹೊಸ ಕಂತನ್ನಷ್ಟೇ ತಿರುಗಿಸಬಹುದು. ತಿಂಗಳಿಗೆ 10,000 ರೂಪಾಯಿ ಸಾಲಪತ್ರಕ್ಕೇ ಹಾಕುತ್ತಾ ಹೋದರೆ 13 ತಿಂಗಳಲ್ಲಿ ಪಾಲು ಹೆಚ್ಚುಕಡಿಮೆ ಹದಕ್ಕೆ ಬರುತ್ತದೆ, ತೆರಿಗೆಯೂ ಇಲ್ಲ.

ಎನ್‌ಪಿಎಸ್ ಇದ್ದವರು ಬದಲಾವಣೆಯನ್ನು ಅಲ್ಲೇ ಮೊದಲು ಮಾಡುವುದು ಲೇಸು: ಖಾತೆಯೊಳಗಿನ ವರ್ಗಾವಣೆಗೆ ತೆರಿಗೆಯಿಲ್ಲ. ವಯಸ್ಸಿಗೆ ತಕ್ಕಂತೆ ಅನುಪಾತ ತಾನೇ ಬದಲಾಗುವ 'ಆಟೋ ಚಾಯ್ಸ್' ಆರಿಸಿದವರಿಗೆ ಈ ಕೆಲಸವೇ ಇಲ್ಲ. ಅದರ ಮಧ್ಯಮ ಮಾದರಿಯಲ್ಲಿ 35ರ ವಯಸ್ಸಿನವರೆಗೆ ಶೇ. 50 ಇರುವ ಷೇರು ವರ್ಷಕ್ಕೆ 2 ಅಂಶದಂತೆ ಇಳಿದು 55ಕ್ಕೆ ಶೇ. 10 ಆಗುತ್ತದೆ. ಅನುಪಾತವನ್ನು ಸ್ವತಃ ಆರಿಸುವ 'ಆ್ಯಕ್ಟಿವ್ ಚಾಯ್ಸ್'ನವರು ತಾವೇ ಗಮನಿಸಬೇಕು. ಅನುಪಾತ ಬದಲಿಸಲು ಆರ್ಥಿಕ ವರ್ಷಕ್ಕೆ ನಾಲ್ಕು ಅವಕಾಶಗಳಿವೆ. ಪೇಟೆ ಕುಸಿದಾಗ ಗಾಬರಿಯಿಂದ ಪೂರ್ತಿ ಹಣವನ್ನು ಸರಕಾರಿ ಸಾಲಪತ್ರಕ್ಕೆ ಸರಿಸುವವರು ನಷ್ಟವನ್ನು ಖಾಯಂ ಮಾಡಿಕೊಳ್ಳುತ್ತಾರೆ, ಚೇತರಿಕೆಯ ಹೊತ್ತಿಗೆ ಹೊರಗಿರುತ್ತಾರೆ.

ಮ್ಯೂಚುವಲ್ ಫಂಡಿನಲ್ಲಿ ಹೀಗೆ ಪದೇಪದೇ ಓಡಾಡಿದರೆ ದಂಡ ತೆರಲೇಬೇಕು. ಷೇರು ಫಂಡಿನ ಯೂನಿಟ್ಟನ್ನು ವರ್ಷದೊಳಗೆ ಮಾರಿದರೆ ಲಾಭದ ಮೇಲೆ ಶೇ. 20 ತೆರಿಗೆ, ಹಲವು ಫಂಡುಗಳಲ್ಲಿ ನಿರ್ಗಮನ ಶುಲ್ಕ ಬೇರೆ. ವರ್ಷ ದಾಟಿದ ಮೇಲೆ, 1.25 ಲಕ್ಷ ಮೀರಿದ ಲಾಭಕ್ಕೆ ಶೇ. 12.5. ಎಸ್‌ಐಪಿಯ (ತಿಂಗಳ ಕಂತಿನ ಹೂಡಿಕೆ) ಒಂದೊಂದು ಕಂತಿಗೂ ವರ್ಷದ ಎಣಿಕೆ ಬೇರೆಬೇರೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ.

ನಿವೃತ್ತಿಗೆ ಐದು ವರ್ಷ ಉಳಿದಾಗ ಆರು ತಿಂಗಳಿಗೊಮ್ಮೆ ನೋಡುವುದು ಒಳ್ಳೆಯದು. ಮೊದಲ ಎರಡು ಮೂರು ವರ್ಷದ ಖರ್ಚು ಅಷ್ಟರಲ್ಲಿ ಠೇವಣಿಗೆ ಬಂದಿರಲಿ. ಗಲ್ಫಿಗೆ ಹೋಗುವ ಮೊದಲು ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ತೆರೆದವರು ಅದನ್ನು 15 ವರ್ಷ ತುಂಬುವವರೆಗೆ ನಡೆಸಬಹುದು, ಆಮೇಲೆ ವಿಸ್ತರಿಸುವಂತಿಲ್ಲ. ಆ ದಿನಾಂಕವನ್ನು ಬರೆದಿಟ್ಟುಕೊಳ್ಳಬೇಕು.

ವರ್ಷದ ತಪಾಸಣೆಯ ದಿನವೇ ದಾಖಲೆಗಳಲ್ಲಿರುವ ಹೆಸರನ್ನೂ ತಾಳೆ ನೋಡಿ. ನಮ್ಮ ಜಿಲ್ಲೆಯಲ್ಲಿ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಇನಿಶಿಯಲ್ ಮಾತ್ರ, ಪ್ಯಾನ್‌ನಲ್ಲಿ ಅದನ್ನು ಬಿಡಿಸಿ ಬರೆದದ್ದು, ಆಧಾರ್‌ನಲ್ಲಿ ಇನ್ನೊಂದು ಕಾಗುಣಿತ. ಪಿಎಫ್ ಅರ್ಜಿ ತಿರಸ್ಕಾರವಾಗಲು ಇಷ್ಟು ಸಾಕು. ಮದುವೆಗೆ ಮುಂಚಿನ ಪಿಎಫ್ ನಾಮನಿರ್ದೇಶನವನ್ನು ಮದುವೆಯ ಬಳಿಕ ಹೊಸದಾಗಿ ಮಾಡಬೇಕು. ಇವನ್ನೆಲ್ಲ ಕೆಲಸದಲ್ಲಿರುವಾಗಲೇ ತಿದ್ದಿಸುವುದು ಸುಲಭ. ಸಂಸ್ಥೆ ಬಾಗಿಲು ಹಾಕಿದ ಮೇಲೆ ಜಂಟಿ ಘೋಷಣೆಯನ್ನು (ವಿವರ ತಿದ್ದಿಸುವ ಪಿಎಫ್ ಅರ್ಜಿ) ಗೊತ್ತುಪಡಿಸಿದ ಅಧಿಕಾರಿಗಳಿಂದ ದೃಢೀಕರಿಸಿಕೊಳ್ಳಲು ಅಲೆಯಬೇಕಾಗುತ್ತದೆ.

— ಒಬ್ಬ ನಿವೃತ್ತ ಬ್ಯಾಂಕ್ ನೌಕರ, ಬದಿಯಡ್ಕ