ರಜೆಯಲ್ಲಿ ಶಾಲೆ ಬೀಗದ ಕೈ ಯಾರ ಹತ್ರ ಇರುತ್ತೆ?

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಒಬ್ಬರು ಬರೆದಿದ್ರು, ಈ ಬಿಸಿಲಲ್ಲಿ ಹೈಸ್ಕೂಲ್ ಮಕ್ಕಳನ್ನ ಗುಂಪು ಕಟ್ಟಿಕೊಂಡು ಸೈಕಲ್ ಟೂರಿಗೆ ಕರ್ಕೊಂಡು ಹೋಗೋದು ಹುಚ್ಚಾಟ, ಏನಾದ್ರೂ ಆದ್ರೆ ಯಾರು ಹೊಣೆ ಅಂತ. ಅವರು ಯಾರನ್ನ ಮನಸ್ಸಲ್ಲಿಟ್ಟುಕೊಂಡು ಬರೆದ್ರೋ ಗೊತ್ತಿಲ್ಲ, ಆದ್ರೆ ಆ ಹುಚ್ಚರಲ್ಲಿ ನಾನೂ ಒಬ್ಬ ಆಗಿರೋದ್ರಿಂದ ಉತ್ತರ ಕೊಡೋಣ ಅನ್ನಿಸ್ತು. ನಾನು ಶಿವಮೊಗ್ಗದಲ್ಲಿ ಪಿಟಿ ಮೇಷ್ಟ್ರಾಗಿದ್ದವನು, ರಿಟೈರ್ ಆಗಿ ನಾಲ್ಕು ವರ್ಷ ಆಯ್ತು. ಇಲ್ಲಿವರೆಗೆ ಮೂರು ಬೇಸಿಗೆ ಮಕ್ಕಳ ಜೊತೆ ಸೈಕಲ್ ತುಳಿದಿದೀನಿ. ಬಿಸಿಲಿನ ವಿಷಯ ಆಮೇಲೆ ಹೇಳ್ತೀನಿ. ನಮಗೆ ನಿಜವಾಗ್ಲೂ ತೊಂದ್ರೆ ಕೊಟ್ಟಿದ್ದು ಬಿಸಿಲಲ್ಲ, ಘಾಟಿನೂ ಅಲ್ಲ, ರಾತ್ರಿ ಮಲಗೋಕೆ ಒಂದು ಜಾಗ.

ಹೋದ ವರ್ಷದ ಟೂರ್ ಬಗ್ಗೆ ಹೇಳ್ತೀನಿ. ಹದಿನಾಲ್ಕು ಮಕ್ಕಳು, ಒಂಬತ್ತನೇ ಕ್ಲಾಸಿಂದ ಫಸ್ಟ್ ಪಿಯುವರೆಗೆ, ಅದ್ರಲ್ಲಿ ಐದು ಜನ ಹುಡುಗೀರು. ದೊಡ್ಡವರು ಅಂದ್ರೆ ನಾನು, ಗಣಿತ ಹೇಳಿಕೊಡೋ ಒಬ್ಬ ಮೇಡಂ, ಮತ್ತೆ ಸೈಕಲ್ ಶಾಪ್ ಇಟ್ಟಿರೋ ನನ್ನ ಹಳೇ ಸ್ಟೂಡೆಂಟು. ಶಿವಮೊಗ್ಗದಿಂದ ಸಾಗರ, ಜೋಗ, ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ, ಆಮೇಲೆ ಸಮುದ್ರದ ಪಕ್ಕಪಕ್ಕದಲ್ಲೇ ಭಟ್ಕಳ, ಬೈಂದೂರು, ಕುಂದಾಪುರ, ಉಡುಪಿ, ಅಲ್ಲಿಂದ ಹೆಬ್ರಿ, ಆಗುಂಬೆ ಹತ್ತಿ ತೀರ್ಥಹಳ್ಳಿ, ವಾಪಸ್ ಊರು. ಎಂಟು ದಿನ, ಏಳು ರಾತ್ರಿ, ಒಟ್ಟು 400 ಕಿಲೋಮೀಟರ್ ದಾಟುತ್ತೆ. ಕೇಳೋಕೆ ಜಾಸ್ತಿ ಅನ್ನಿಸಬಹುದು, ಆದ್ರೆ ದಿನಕ್ಕೆ 50-60 ಕಿಲೋಮೀಟರ್ ಅಂದ್ರೆ ಹದಿನೈದು ವರ್ಷದ ಮಕ್ಕಳಿಗೆ ಅಷ್ಟೇನೂ ಅಲ್ಲ, ಮೊದಲು ಎರಡು ತಿಂಗಳು ಭಾನುವಾರ ಭಾನುವಾರ ಗಾಜನೂರು, ಸಕ್ರೆಬೈಲು ಕಡೆ ತುಳಿಸಿ ರೂಢಿ ಮಾಡಿಸಿದ್ರೆ ಸಾಕು. ಗೇರ್ ಸೈಕಲ್ಲೇ ಬೇಕು ಅನ್ನೋದೂ ಸುಳ್ಳು. ನಮ್ಮ ಗುಂಪಲ್ಲಿ ಗೇರ್ ಇದ್ದಿದ್ದು ನಾಲ್ಕು ಸೈಕಲ್ಲಿಗೆ ಮಾತ್ರ. ಮೂರು ಮಕ್ಕಳು ಅಣ್ಣಂದೋ ಅಕ್ಕಂದೋ ಹಳೇ ಸರ್ಕಾರಿ ಸೈಕಲ್ ತಂದಿದ್ರು. ಎಂಟನೇ ಕ್ಲಾಸಿಗೆ ಉಚಿತ ಸೈಕಲ್ ಕೊಡೋದು 2006-07ರಲ್ಲಿ ಶುರು ಆಗಿದ್ದು, ಕೋವಿಡ್ ಬಂದ ಮೇಲೆ ನಿಂತೋಯ್ತು. ಆ ಸೈಕಲ್ ಬಗ್ಗೆ ಜನ ಎಷ್ಟು ಬೈದ್ರೂ, ಹಬ್ ಬಿಚ್ಚಿ ಗ್ರೀಸ್ ಹಾಕಿ, ಟೈರು, ಚೈನು, ಬ್ರೇಕ್ ರಬ್ಬರ್ ಹೊಸದು ಹಾಕಿಸಿದ್ರೆ ಅದೂ ಉಡುಪಿ ನೋಡಿಕೊಂಡು ಬರುತ್ತೆ, ನಾನೇ ಸಾಕ್ಷಿ.

ಈಗ ಬಿಸಿಲು. ನಾವು ಬೆಳಗ್ಗೆ ಐದೂವರೆಗೆ ಸೈಕಲ್ ಹತ್ತುತ್ತೀವಿ, ಹತ್ತೂವರೆ ಒಳಗೆ ಆವತ್ತಿನ ದಾರಿಯ ಮುಕ್ಕಾಲು ಪಾಲು ಮುಗಿದಿರಬೇಕು. ಮಧ್ಯಾಹ್ನ ನಾಲ್ಕು ಗಂಟೆವರೆಗೆ ಯಾವನೂ ರಸ್ತೆಗೆ ಇಳಿಯೋ ಹಾಗಿಲ್ಲ. ಅರ್ಧ ಗಂಟೆಗೊಂದು ಸಲ ಬಾಯಾರಿಕೆ ಆಗ್ಲಿ ಬಿಡ್ಲಿ ನೀರು ಕುಡೀಬೇಕು, ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ ಒಬ್ಬೊಬ್ಬರ ಹತ್ರ ಒಂದೊಂದು ಬಾಟ್ಲಿ. ಮಲೆನಾಡಲ್ಲಿ ಸೆಕೆ ಗೊತ್ತಾಗಲ್ಲ, ಆದ್ರೆ ಹೊನ್ನಾವರ ಮುಟ್ಟಿದ ಕೂಡ್ಲೇ ಬೆವರು ಇಳಿಯೋಕೆ ಶುರುವಾಗುತ್ತೆ ನೋಡಿ, ಒಣಗೋದೇ ಇಲ್ಲ, ಅಲ್ಲಿ ನೀರು ಎಷ್ಟು ಕುಡಿದ್ರೂ ಸಾಲದು, ಜೊತೆಗೆ ಉಪ್ಪೂ ಹೋಗ್ಬೇಕು. ಮಜ್ಜಿಗೆ, ಎಳನೀರು, ಪುನರ್ಪುಳಿ ಶರಬತ್ತು, ಸಿಕ್ಕಿದ್ದು. ಕೋಲ್ಡ್ ಡ್ರಿಂಕ್ಸ್ ಮಾತ್ರ ಬಂದ್. ಈ ಒಂದು ರೂಲಿಗೆ ಮಕ್ಕಳು ನನ್ನ ಮೇಲೆ ಸಿಟ್ಟಾಗಿದ್ದಷ್ಟು ಇನ್ಯಾವುದಕ್ಕೂ ಆಗಿಲ್ಲ.

ಘಾಟಿ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕಂದ್ರೆ ಅಪ್ಪ ಅಮ್ಮಂದಿರು ಹೆದರೋದು ಅಲ್ಲೇ, ಮತ್ತೆ ಹೆದರೋದು ಸರಿಯಾಗಿಯೇ ಇದೆ. ಹತ್ತೋದ್ರಲ್ಲಿ ಅಪಾಯ ಇಲ್ಲ, ಇಳಿಯೋದ್ರಲ್ಲಿ ಇದೆ. ಮಾವಿನಗುಂಡಿ ದಾಟಿದ ಮೇಲೆ ಗೇರುಸೊಪ್ಪೆವರೆಗೆ ರಸ್ತೆ ಒಂದೇ ಸಮ ಇಳೀತಾ ಹೋಗುತ್ತೆ, ತಣ್ಣಗೆ ಕಾಡು, ಸೈಕಲ್ ತಾನಾಗಿ ಓಡುತ್ತೆ, ಹುಡುಗರಿಗೆ ರೆಕ್ಕೆ ಬಂದ ಹಾಗೆ ಆಗುತ್ತೆ. ಅಲ್ಲಿ ಬ್ರೇಕ್ ಒತ್ತಿ ಹಿಡಿದೇ ಇಳಿದ್ರೆ ರಿಮ್ಮು ಕಾದು ರಬ್ಬರ್ ಸವೆದು ಕೊನೇ ತಿರುವಲ್ಲಿ ಬ್ರೇಕೇ ಹಿಡಿಯಲ್ಲ, ಬರೀ ಮುಂದಿನ ಬ್ರೇಕ್ ಗಟ್ಟಿ ಹಿಡಿದ್ರೆ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳ್ತಾರೆ. ಹಿಡಿ ಬಿಡು, ಹಿಡಿ ಬಿಡು ಅಂತ ಮೊದಲೇ ಸಣ್ಣ ಇಳಿಜಾರಲ್ಲಿ ಕಲಿಸಿರ್ತೀವಿ. ಘಾಟೀಲಿ ಎರಡು ಕಿಲೋಮೀಟರಿಗೊಂದು ಸಲ ಎಲ್ಲರನ್ನೂ ನಿಲ್ಲಿಸಿ, ರಿಮ್ ಎಷ್ಟು ಕಾದಿದೆ ಅಂತ ನೀರು ಚಿಮುಕಿಸಿ ನೋಡಿ, ಆರಿದ ಮೇಲೆ ಮುಂದೆ. ಎರಡು ಸೈಕಲ್ ನಡುವೆ ಒಂದು ಬಸ್ಸು ನಿಲ್ಲೋವಷ್ಟಾದ್ರೂ ಜಾಗ ಇರ್ಬೇಕು. ಮುಂದೆ ಹೋಗೋ ದೊಡ್ಡವರನ್ನ ಯಾರೂ ಓವರ್‌ಟೇಕ್ ಮಾಡೋ ಹಾಗಿಲ್ಲ, ಹಿಂದೆ ಬರೋ ದೊಡ್ಡವರ ಹಿಂದೆ ಯಾರೂ ಉಳಿಯೋ ಹಾಗಿಲ್ಲ. ಅಲ್ಲಿ ಒಂದು ಕಡೆ ಹೀಗೇ ನಿಂತಾಗ ಮರದ ಮೇಲೆ ಸಿಂಗಳೀಕದ ಗುಂಪು ಕಾಣಿಸ್ತು, ಕರೀ ಮೈ, ಮುಖದ ಸುತ್ತ ಬೂದು ಜೂಲು, ಮಕ್ಕಳು ಪುಸ್ತಕದಲ್ಲಿ ಬಿಟ್ರೆ ಎಲ್ಲೂ ನೋಡಿರ್ಲಿಲ್ಲ. ಹತ್ತು ನಿಮಿಷ ಯಾರೂ ಮಾತಾಡ್ಲಿಲ್ಲ ಅಂದ್ರೆ ನಂಬಿ. ಕಾರಲ್ಲಿ ಬಂದವರೊಬ್ಬರು ಗ್ಲಾಸ್ ಇಳಿಸಿ ಚಿಪ್ಸ್ ಎಸೆಯೋಕೆ ಹೋದ್ರು, ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿ ಹೋಗಿ, ಅಂಕಲ್ ಹಾಕ್ಬೇಡಿ, ಆಮೇಲೆ ಅವು ರಸ್ತೆಗೆ ಬಂದು ಗಾಡಿಗೆ ಸಿಕ್ಕಿ ಸಾಯ್ತವೆ ಅಂದ್ಲು. ಅವರು ಗ್ಲಾಸ್ ಏರಿಸಿಕೊಂಡು ಹೋದ್ರು.

ಜೋಗದಲ್ಲಿ ನೀರು ಇರಲಿಲ್ಲ, ಏಪ್ರಿಲಲ್ಲಿ ಎಲ್ಲಿಂದ ಇರುತ್ತೆ, ರಾಜ ರಾಣಿ ರೋರರ್ ರಾಕೆಟ್ ನಾಲ್ಕೂ ಸೇರಿ ಬಂಡೆ ಮೇಲೆ ಬಿಳೀ ದಾರ ಎಳೆದ ಹಾಗೆ ಅಷ್ಟೇ. ಆದ್ರೆ 253 ಮೀಟರ್ ಬಂಡೆ ಎಷ್ಟು ಎತ್ತರ ಅಂತ ನೀರಿಲ್ಲದಾಗಲೇ ಚೆನ್ನಾಗಿ ಗೊತ್ತಾಗೋದು. ನೀರೆಲ್ಲ ಎಲ್ಲಿ ಹೋಯ್ತು ಸಾರ್ ಅಂತ ಒಬ್ಬ ಕೇಳಿದ, ಲಿಂಗನಮಕ್ಕಿ ಡ್ಯಾಂ, ಕರೆಂಟು, ಶರಾವತಿಗೆ ಊರು ಬಿಟ್ಟುಕೊಟ್ಟವರು, ಅಂತ ಮಾತು ರಾತ್ರಿವರೆಗೆ ಎಳೀತು. ಅವನ ಅಜ್ಜಿಯ ತವರೇ ಮುಳುಗಿದ್ದಂತೆ, ಅದು ಆವತ್ತು ಮನೆಗೆ ಫೋನ್ ಮಾಡಿದಾಗ ಅವನಿಗೆ ಗೊತ್ತಾಗಿದ್ದು. ಆ ರಾತ್ರಿ ಮಲಗಿದ್ದು ತಾಳಗುಪ್ಪ ಹತ್ರ ಒಬ್ಬ ಹುಡುಗನ ಮಾವನ ಮನೆ ಅಡಿಕೆ ಒಣಗಿಸೋ ಅಂಗಳದಲ್ಲಿ. ಅದಕ್ಕೆ ಮುಂಚಿನ ರಾತ್ರಿ ಸಾಗರದಲ್ಲಿ ನನ್ನ ಸ್ನೇಹಿತರೊಬ್ಬರು ಹೆಡ್‌ಮಾಸ್ಟರ್ ಆಗಿರೋ ಶಾಲೇಲಿ. ಹೊನ್ನಾವರದಲ್ಲಿ ಒಂದು ಸಮುದಾಯ ಭವನ ಸಿಕ್ತು, ಬಾಡಿಗೆ ಕೊಟ್ವಿ.

ನಾಲ್ಕನೇ ರಾತ್ರಿ ಆಗಿದ್ದೇ ಈ ಪತ್ರಕ್ಕೆ ಕಾರಣ. ಬೈಂದೂರು ದಾಟಿದ ಮೇಲೆ ಒಂದೂರಿನ ಶಾಲೇಲಿ ಉಳಿಯೋದು ಅಂತ ತಿಂಗಳ ಮುಂಚೆನೇ ಫೋನಲ್ಲಿ ಮಾತಾಡಿದ್ದೆ, ಆಗ್ಲಿ ಬನ್ನಿ ಅಂದಿದ್ರು. ಸಂಜೆ ಆರೂವರೆಗೆ ಹೋಗಿ ನಿಂತ್ರೆ ಗೇಟಿಗೆ ಬೀಗ. ಫೋನ್ ಮಾಡಿದ್ರೆ, ಮೇಲಿಂದ ಆರ್ಡರ್ ಇಲ್ದೆ ಕೊಡೋಕೆ ಬರಲ್ಲ ಸಾರ್, ರಜೆ ಇದೆ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೆ ಬರುತ್ತೆ ಅಂದ್ರು. ಮೇಲಿನವರಿಗೆ ಫೋನ್ ಮಾಡಿದ್ರೆ, ಅದು ಹೆಡ್‌ಮಾಸ್ಟರ್ ಮತ್ತೆ ಎಸ್‌ಡಿಎಂಸಿಗೆ, ಅಂದ್ರೆ ಶಾಲಾಭಿವೃದ್ಧಿ ಸಮಿತಿಗೆ, ಬಿಟ್ಟಿದ್ದು, ನೀವು ಬರವಣಿಗೆಯಲ್ಲಿ ಕೊಡ್ಬೇಕಿತ್ತು ಅಂದ್ರು. ಎಸ್‌ಡಿಎಂಸಿ ಅಧ್ಯಕ್ಷರು ಮದುವೆಗೆ ಹೋಗಿದ್ರು. ಯಾರ ಮೇಲೂ ನನಗೆ ಸಿಟ್ಟಿಲ್ಲ, ಆ ಮೇಷ್ಟ್ರ ಜಾಗದಲ್ಲಿ ನಾನಿದ್ರೂ ಹಿಂದೆಮುಂದೆ ನೋಡ್ತಿದ್ನೇನೋ. ಆದ್ರೆ ಕತ್ತಲಾಗ್ತಾ ಇದೆ, ಹೈವೇಯಲ್ಲಿ ಹದಿನೇಳು ಸೈಕಲ್ಲು, ಆ ನಾಲ್ಕು ಲೇನ್ ರಸ್ತೇಲಿ ರಾತ್ರಿ ಹೊತ್ತು ಮಕ್ಕಳನ್ನ ಇಳಿಸೋ ಪ್ರಶ್ನೆನೇ ಇಲ್ಲ.

ಪಕ್ಕದ ಅಂಗಡಿಯಜ್ಜಿ ನೋಡಿ, ಅಷ್ಟ್ ದೂರದಿಂದ ಸೈಕಲ್ಲಗೇ ಬಂದದ್ದಾ ಮಾರಾಯ್ರೆ ಅಂತ ಕೆನ್ನೆ ಮೇಲೆ ಕೈಯಿಟ್ಟುಕೊಂಡು, ಇವತ್ತು ಗದ್ದೇಲಿ ಆಟ ಇದೆ, ಆಟ ಅಂದ್ರೆ ಯಕ್ಷಗಾನ, ಅಲ್ಲಿಗೆ ಹೋಗಿ, ಊಟಾನೂ ಅಲ್ಲೇ ಇರುತ್ತೆ ಅಂದ್ರು. ಹೋದ್ವಿ. ಹರಕೆ ಹೊತ್ತವರು ಆಡಿಸೋ ಆಟ, ಕೂತವರಿಗೆಲ್ಲ ಊಟ. ಸೈಕಲ್ಲೆಲ್ಲ ಒಂದಕ್ಕೊಂದು ಸೇರಿಸಿ ಚೈನು ಕಟ್ಟಿ ಗದ್ದೆ ಬದಿಗೆ ನಿಲ್ಲಿಸಿ, ಚಾಪೆ ಹಾಸಿ ಕೂತ್ರೆ ಅರ್ಧ ಮಕ್ಕಳು ಒಡ್ಡೋಲಗ (ವೇಷಗಳು ಮೊದಲ ಸಲ ರಂಗಕ್ಕೆ ಬರೋ ಭಾಗ) ಮುಗಿಯೋ ಮುಂಚೆನೇ ನಿದ್ದೆ, ಇನ್ನರ್ಧ ಬೆಳಗಾಗೋವರೆಗೆ ಕಣ್ಣು ಪಿಳುಕಿಸಲಿಲ್ಲ. ಚೆಂಡೆ ಸದ್ದಿಗೆ ಎದ್ದವನೊಬ್ಬ ರಾಕ್ಷಸ ವೇಷ ಕಂಡು ಕಿರುಚಿದ್ದಕ್ಕೆ ಅಕ್ಕಪಕ್ಕದವರು ಆಟಕ್ಕಿಂತ ಅವನನ್ನ ನೋಡಿ ನಕ್ಕಿದ್ದು ಜಾಸ್ತಿ. ಈಗ ಮಕ್ಕಳನ್ನ ಕೇಳಿದ್ರೆ ಇಡೀ ಟೂರಲ್ಲಿ ಅದೇ ಬೆಸ್ಟ್ ರಾತ್ರಿ ಅಂತಾರೆ. ನನಗೆ ಮಾತ್ರ ಅದು ಹೆದರಿಕೆಯ ರಾತ್ರಿ. ನಿದ್ದೆಗೆಟ್ಟ ಮಕ್ಕಳನ್ನ ಬೆಳಗ್ಗೆ ಸೈಕಲ್ ಹತ್ತಿಸೋದು ಬಿಸಿಲಿಗಿಂತ ಅಪಾಯ, ಅದಕ್ಕೆ ಮರುದಿನ ಮಧ್ಯಾಹ್ನದವರೆಗೆ ಒಂದು ದೇವಸ್ಥಾನದ ಜಗಲೀಲಿ ಎಲ್ಲರನ್ನೂ ಮಲಗಿಸಿದ್ದು. ಸಂಜೆ ಮರವಂತೆ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ಕುಂದಾಪುರ ಮುಟ್ಟುವಷ್ಟರಲ್ಲಿ ಕತ್ತಲು. ಉಡುಪಿ ಪ್ಲಾನ್ ಒಂದು ದಿನ ಹಿಂದೆ ಬಿತ್ತು.

ನಮ್ಮಲ್ಲಿ ಹೆಚ್ಚಿನ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಹೇಳ್ತೀನಿ. ಜರ್ಮನಿಯಲ್ಲಿ ರಿಚರ್ಡ್ ಶಿರ್‌ಮನ್ ಅಂತ ಒಬ್ಬ ಸ್ಕೂಲ್ ಮೇಷ್ಟ್ರು, 1909ರ ಆಗಸ್ಟಲ್ಲಿ ಮಕ್ಕಳನ್ನ ಕರ್ಕೊಂಡು ಕಾಲ್ನಡಿಗೆ ಪ್ರವಾಸ ಹೋದಾಗ ಗುಡುಗು ಮಳೆಗೆ ಸಿಕ್ಕಿಹಾಕಿಕೊಂಡ್ರು, ರಾತ್ರಿ ಒಂದು ಹಳ್ಳಿ ಶಾಲೇಲಿ ಹುಲ್ಲು ಹಾಸಿಕೊಂಡು ಮಲಗಿದ್ರು. ಮಕ್ಕಳು ನಿದ್ದೆ ಮಾಡ್ತಾ ಇರುವಾಗ ಮೇಷ್ಟ್ರ ತಲೆಗೆ ಹೊಳೀತು, ರಜೆಯಲ್ಲಿ ಶಾಲೆಗಳೆಲ್ಲ ಖಾಲಿ ಬಿದ್ದಿರ್ತವಲ್ಲ, ಒಂದು ದಿನದ ನಡಿಗೆಗೆ ಒಂದೊಂದು ಶಾಲೆ ಬಾಗಿಲು ತೆಗೆದಿಟ್ರೆ ದೇಶದ ಮಕ್ಕಳೆಲ್ಲ ಓಡಾಡಬಹುದಲ್ಲ ಅಂತ. ಜಗತ್ತಿನಲ್ಲೆಲ್ಲ ಈಗ ಇರೋ ಯೂತ್ ಹಾಸ್ಟೆಲ್‌ಗಳೆಲ್ಲ ಹುಟ್ಟಿದ್ದು ಆ ಒಂದು ರಾತ್ರಿಯಿಂದ. ಮೊದಮೊದಲು ಅವರ ಹಾಸ್ಟೆಲ್ ಅಂದ್ರೆ ಕ್ಲಾಸ್‌ರೂಮಿನ ಬೆಂಚು ಪಕ್ಕಕ್ಕೆ ಸರಿಸಿ ಹುಲ್ಲಿನ ಹಾಸಿಗೆ ಹಾಕಿದ್ದು, ಅಷ್ಟೇ. ಆಮೇಲೆ ಆಲ್ಟೆನಾ ಅನ್ನೋ ಊರಿನ ಕೋಟೇಲಿ ಕಾಯಂ ಹಾಸ್ಟೆಲ್ ಆಯ್ತು.

ನೂರು ವರ್ಷದ ಮೇಲಾಯ್ತು ಆ ಮೇಷ್ಟ್ರು ಹಾಗೆ ಯೋಚನೆ ಮಾಡಿ, ನಮ್ಮಲ್ಲಿ ಊರೂರಿಗೆ ಸರ್ಕಾರಿ ಶಾಲೆ ಇದೆ, ನಲ್ಲಿ ಇದೆ, ಟಾಯ್ಲೆಟ್ ಇದೆ, ಬಿಸಿಯೂಟದ ಅಡುಗೆಮನೆ ಇದೆ, ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆವರೆಗೆ ಬೀಗ ಬಿದ್ದಿರುತ್ತೆ. ಅದೇ ಶಾಲೇಲಿ ಎಲೆಕ್ಷನ್ ಬಂದ್ರೆ ಮತಗಟ್ಟೆ ಸಿಬ್ಬಂದಿ ಮಲಗ್ತಾರೆ, ಮಳೆಗಾಲದಲ್ಲಿ ನೆರೆ ಬಂದ್ರೆ ಕಾಳಜಿ ಕೇಂದ್ರ ಮಾಡಿ ನೂರಾರು ಜನರನ್ನ ಇಡ್ತಾರೆ, ಆಗ ಎಲ್ಲಾ ಆರ್ಡರ್ರೂ ತಾನಾಗಿ ಬರುತ್ತೆ. ಹದಿನಾಲ್ಕು ಮಕ್ಕಳು ಒಂದು ರಾತ್ರಿ ಮಲಗಿ ಬೆಳಗ್ಗೆ ಗುಡಿಸಿ ಹೋಗ್ತೀವಿ ಅಂದ್ರೆ ಮಾತ್ರ ಕಾನೂನು ನೆನಪಾಗುತ್ತೆ. ದುಡ್ಡು ಕೊಟ್ಟು ಲಾಡ್ಜ್ ಮಾಡಬಹುದಲ್ಲ ಅಂತೀರಾ, ಮಾಡಬಹುದು, ಆಗ ಏಳು ರಾತ್ರಿಗೆ ಲಾಡ್ಜಿನ ಬಿಲ್ಲೇ ಊಟದ ಖರ್ಚಿನ ಎರಡರಷ್ಟು ಆಗುತ್ತೆ. ಹೋದ ವರ್ಷ ನಮಗೆ ಎಲ್ಲ ಸೇರಿ ಒಬ್ಬರಿಗೆ 2,200 ರೂಪಾಯಿ ಆಯ್ತು. ಎಸಿ ಹಾಲಲ್ಲಿ ಹತ್ತು ದಿನ ಸಮ್ಮರ್ ಕ್ಯಾಂಪ್ ಮಾಡೋರು ಎಷ್ಟು ತಗೋತಾರೆ ಅಂತ ನಿಮ್ಮ ಪತ್ರಿಕೆಯ ಜಾಹೀರಾತಲ್ಲೇ ಇರುತ್ತೆ. ಲಾಡ್ಜಿನ ಲೆಕ್ಕ ಹಾಕಿದ್ರೆ ಸರ್ಕಾರಿ ಸೈಕಲ್ ತರೋ ಆ ಮೂರು ಮಕ್ಕಳು ಬರಲ್ಲ. ಅವರು ಬರದೇ ಇದ್ರೆ ನನಗೂ ಈ ವಯಸ್ಸಲ್ಲಿ ಆಗುಂಬೆ ಹತ್ತೋ ಉಮೇದಿಲ್ಲ.

ಆಗುಂಬೆ ಅಂದ ಕೂಡ್ಲೇ ನೆನಪಾಯ್ತು, ಹದಿನಾಲ್ಕು ತಿರುವನ್ನ ನಾವು ತುಳಿದು ಹತ್ತಿದ್ವಿ ಅಂತ ಮಕ್ಕಳು ಊರಲ್ಲೆಲ್ಲ ಹೇಳ್ಕೊಂಡು ಬಂದಿದಾರೆ, ನಂಬಬೇಡಿ, ಮುಕ್ಕಾಲು ಭಾಗ ತಳ್ಳಿಕೊಂಡೇ ಹೋಗಿದ್ದು. ಆ ಘಾಟೀಲಿ ದೊಡ್ಡ ಲಾರಿ ಬಿಡಲ್ಲ ಅನ್ನೋದೇ ನಮ್ಮ ಪುಣ್ಯ. ಮೇಲೆ ಹೋಗಿ ನೋಡಿದ್ರೆ ಗಣಿತ ಮೇಡಂ ಎಲ್ಲರಿಗಿಂತ ಮೊದಲೇ ಹತ್ತಿ ಕೂತು ಕಿತ್ತಳೆ ಸುಲೀತಾ ಇದ್ರು.

ಹೊಣೆ ಯಾರು ಅಂತ ಆ ಓದುಗರು ಕೇಳಿದ್ರಲ್ಲ. ಹೊಣೆ ನಾವೇ. ಪ್ರತಿ ಮಗುವಿನ ಅಪ್ಪ ಅಮ್ಮನಿಂದ ಪತ್ರ ಬರೆಸಿಕೊಂಡಿರ್ತೀವಿ, ಹುಡುಗೀರು ಬಂದ್ರೆ ಮೇಡಂ ಇಲ್ಲದೆ ಹೊರಡಲ್ಲ, ಹೆಲ್ಮೆಟ್ ಇಲ್ಲದವರನ್ನ ಸೇರಿಸಿಕೊಳ್ಳಲ್ಲ, ಕತ್ತಲಾದ ಮೇಲೆ ತುಳಿಯಲ್ಲ (ಕುಂದಾಪುರದ ಆ ಒಂದು ಸಂಜೆ ಬಿಟ್ಟು, ಅದು ನಮ್ಮ ತಪ್ಪೇ, ಅರ್ಧ ಗಂಟೆ ಮುಂಚೆ ಹೊರಡಬೇಕಿತ್ತು). ಮೂರು ವರ್ಷದಲ್ಲಿ ಆಗಿದ್ದು ಮಂಡಿ ತರಚಿದ್ದು, ಒಂದು ಸಲ ಹೊಟ್ಟೆ ಕೆಟ್ಟಿದ್ದು, ಮತ್ತೆ ಲೆಕ್ಕ ಇಲ್ಲದಷ್ಟು ಪಂಕ್ಚರ್. ಹೋದ ವರ್ಷ ಮೂರನೇ ದಿನದಿಂದ ನಮ್ಮ ಶಾಪಿನ ಹುಡುಗ ಪಂಕ್ಚರಿಗೆ ಕೈಯೇ ಹಾಕ್ಲಿಲ್ಲ, ಟ್ಯೂಬ್ ಬಿಚ್ಚೋದು, ನೀರಲ್ಲಿ ಅದ್ದಿ ಗುಳ್ಳೆ ನೋಡೋದು, ಉಜ್ಜಿ ಸೊಲ್ಯೂಷನ್ ಹಚ್ಚಿ ಪ್ಯಾಚ್ ಕೂರಿಸೋದು ಎಲ್ಲಾ ಮಕ್ಕಳೇ. ಮನೇಲಿ ತಟ್ಟೆ ಎತ್ತಿಡದ ಹುಡುಗ ರಸ್ತೆ ಬದಿ ಕೂತು ಬೇರೆಯವನ ಚೈನ್ ಹಾಕಿ ಕೊಡ್ತಿದ್ದ, ಅವರಮ್ಮನಿಗೆ ಫೋಟೋ ಕಳಿಸಿದ್ರೆ, ಇದು ನಮ್ಮ ಮಗನೇನಾ ಸಾರ್ ಅಂತ ಕೇಳಿದ್ರು.

ನಾನು ಕೇಳ್ತಿರೋದು ದೊಡ್ಡ ಯೋಜನೆ ಅಲ್ಲ, ಗ್ರ್ಯಾಂಟ್ ಬೇಡ, ಸೈಕಲ್ ಬೇಡ, ಉದ್ಘಾಟನೆಯಂತೂ ಬೇಡವೇ ಬೇಡ. ಶಿಕ್ಷಣ ಇಲಾಖೆಯವರು ಒಂದು ಸುತ್ತೋಲೆ ಹೊರಡಿಸಲಿ: ಬೇಸಿಗೆ ರಜೆಯಲ್ಲಿ ಶಿಕ್ಷಕರೋ ಪೋಷಕರೋ ಜೊತೆಗಿರೋ ಮಕ್ಕಳ ಗುಂಪು ಹದಿನೈದು ದಿನ ಮುಂಚೆ ಹೆಸರು, ವಿಳಾಸ, ಒಪ್ಪಿಗೆ ಪತ್ರ ಕೊಟ್ಟು ಅರ್ಜಿ ಹಾಕಿದ್ರೆ, ಒಂದು ರಾತ್ರಿಗೆ ಎರಡು ಕೊಠಡಿ, ನೀರು, ಟಾಯ್ಲೆಟ್ ಕೊಡಬಹುದು, ಅದಕ್ಕೆ ಹೆಡ್‌ಮಾಸ್ಟರ್ ಮೇಲೆ ತಪ್ಪು ಬರಲ್ಲ ಅಂತ. ಆ ಕೊನೇ ಸಾಲು ಮುಖ್ಯ. ಬೀಗದ ಕೈ ಕೊಡೋಕೆ ಮನಸ್ಸಿರೋ ಮೇಷ್ಟ್ರುಗಳು ಬೇಕಾದಷ್ಟಿದಾರೆ, ಅವರ ಕೈಯಲ್ಲಿ ಒಂದು ಕಾಗದ ಇಲ್ಲ ಅಷ್ಟೇ. ಠೇವಣಿ ಬೇಕಾದ್ರೆ ಇಟ್ಕೊಳ್ಳಲಿ, ಬೆಳಗ್ಗೆ ಕೊಠಡಿ ನೋಡಿ ವಾಪಸ್ ಕೊಡ್ಲಿ.

ಈ ಸಲ ನಾವು ಏಪ್ರಿಲ್ ಮೂರನೇ ವಾರ ಹೊರಡ್ತಾ ಇದೀವಿ, ಹೆಸರು ಕೊಟ್ಟಿರೋ ಮಕ್ಕಳು ಇಪ್ಪತ್ತೊಂದು. ಸಾಗರ, ಹೊನ್ನಾವರ, ಉಡುಪಿ ಸರಿಹೋಗಿದೆ. ಬೈಂದೂರು ಆಚೆಗೂ ಹೆಬ್ರಿ ಹತ್ರಾನೂ ಇನ್ನೂ ಜಾಗ ಸಿಕ್ಕಿಲ್ಲ.

ಇಂತಿ,
ನಿವೃತ್ತ ದೈಹಿಕ ಶಿಕ್ಷಕ, ಶಿವಮೊಗ್ಗ