ಬಾಣಂತಿಯ ರಕ್ತಸ್ರಾವ: ಅಂದಾಜು ಬೇಡ, ಅಳತೆ ಇರಲಿ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯಿಂದ ಬಾಣಂತಿಯನ್ನು ಶಿವಮೊಗ್ಗಕ್ಕೆ ಕಳಿಸುವ ಮಾತು ಬಂದಾಗಲೆಲ್ಲ ಧರೆ ಕುಸಿತ, ಆಂಬುಲೆನ್ಸ್ ತಡವಾದದ್ದೇ ಚರ್ಚೆಯಾಗುತ್ತದೆ. ಅದು ಸುಳ್ಳಲ್ಲ. ಆದರೆ ಹೆರಿಗೆ ನಂತರದ ರಕ್ತಸ್ರಾವದಲ್ಲಿ ಹೊತ್ತು ಮೊದಲು ಕಳೆಯುವುದು ಹೆರಿಗೆ ಮಂಚದ ಮೇಲೆಯೇ, ಎಷ್ಟು ರಕ್ತ ಹೋಯಿತೆಂದು ಅಳೆಯದೆ.

ಬಟ್ಟೆ, ಹತ್ತಿ ಹೀರಿಕೊಂಡ ರಕ್ತ ಕಣ್ಣಿಗೆ ಕಡಿಮೆ ಕಾಣುತ್ತದೆ. ಬೆಳಗಾವಿಯ ಜೆಎನ್‌ಎಂಸಿ ವೈದ್ಯಕೀಯ ಕಾಲೇಜಿನ ಸಂಶೋಧಕರೂ ಇದ್ದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಣ್ಣಂದಾಜು, ಬಾಣಂತಿಯ ಕೆಳಗೆ ಹಾಸಿ ರಕ್ತ ಹಿಡಿಯುವ ಚೀಲದ ಅಳತೆಗಿಂತ ಸುಮಾರು 33% ಕಡಿಮೆ ಬಂತು. ಆ ಚೀಲ, ಅಂದರೆ ಗೆರೆ ಹಾಕಿದ ಪ್ಲಾಸ್ಟಿಕ್ ಡ್ರೇಪ್, ನಮ್ಮ ರಾಜ್ಯದ ಹಳ್ಳಿಗಳಲ್ಲೇ ಪಳಗಿದ್ದು. ನಮ್ಮಲ್ಲೇ ಅದು ಅಪರೂಪವಾಗಬಾರದು.

2023ರಲ್ಲಿ ಪ್ರಕಟವಾದ ಇ-ಮೋಟಿವ್ ಪ್ರಯೋಗ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ನಡೆಯಿತು. ಡ್ರೇಪ್‌ನಿಂದ ಅಳೆದು, ಚಿಕಿತ್ಸೆಗಳನ್ನು ಒಂದರ ನಂತರ ಒಂದೆಂದು ಕಾಯದೆ ಒಟ್ಟಿಗೇ ಕೊಟ್ಟಲ್ಲಿ, ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆ, ಅದರಿಂದಾಗುವ ಸಾವು ಇವೆಲ್ಲ ಸೇರಿ 60% ಇಳಿದವು.

ಮಾಡುವ ಕ್ರಮ ಕಷ್ಟದ್ದಲ್ಲ. ಮಗು ಹುಟ್ಟಿ ಗರ್ಭದ ನೀರು ಹರಿದುಹೋದ ಮೇಲೆ ಡ್ರೇಪ್ ಹಾಸಬೇಕು. ಮೊದಲೇ ಹಾಸಿದರೆ ನೀರೂ ಲೆಕ್ಕಕ್ಕೆ ಬರುತ್ತದೆ. ಮೊದಲ ಒಂದು ಗಂಟೆ 15 ನಿಮಿಷಕ್ಕೊಮ್ಮೆ ಚೀಲದ ಗೆರೆ, ನಾಡಿ, ಬಿಪಿ, ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ನೋಡಬೇಕು. 500 ಮಿಲಿ ದಾಟಿದರೆ, ಅಥವಾ 300 ದಾಟಿ ನಾಡಿ-ಬಿಪಿ ಏರುಪೇರಾದರೆ, ಕೂಡಲೇ ಗರ್ಭಕೋಶದ ಮಸಾಜ್, ಗರ್ಭಕೋಶ ಮುದುಡಿಸುವ ಆಕ್ಸಿಟೋಸಿನ್, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಜೊತೆಗೆ ಹೆರಿಗೆ ದಾರಿ ಹರಿದಿದೆಯೇ, ಕಸ (ಮಾಸು) ಒಳಗೆ ಉಳಿದಿದೆಯೇ ಎಂಬ ಪರೀಕ್ಷೆ. ಮೂತ್ರಕೋಶ ಖಾಲಿ ಮಾಡುವುದನ್ನು ಮರೆಯುವವರೇ ಹೆಚ್ಚು. ಅದು ತುಂಬಿದ್ದರೆ ಗರ್ಭಕೋಶ ಸರಿಯಾಗಿ ಮುದುಡುವುದಿಲ್ಲ.

ಮಲೆನಾಡಿನಲ್ಲಿ ಕರೆಂಟಿನ ಕಥೆ ಬೇರೆ ಹೇಳಬೇಕಿಲ್ಲ. ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಶಾಖ ತಗುಲಿದರೆ ಕಸುವು ಕಳೆದುಕೊಳ್ಳುತ್ತದೆ, ನೋಡಲು ಮಾತ್ರ ಹಾಗೇ ಇರುತ್ತದೆ. ಜನರೇಟರ್ ಫ್ರಿಜ್‌ಗೂ ಸಿಗಲಿ, ಫ್ರಿಜ್ಜಿನಲ್ಲಿ ಉಷ್ಣಮಾಪಕ ಇರಲಿ. ಟ್ರಾನೆಕ್ಸಾಮಿಕ್‌ಗೆ ಫ್ರಿಜ್ ಬೇಡ. 1 ಗ್ರಾಂ ಅನ್ನು ರಕ್ತನಾಳಕ್ಕೆ 10 ನಿಮಿಷದಲ್ಲಿ ನಿಧಾನವಾಗಿ ಕೊಡಬೇಕು, ಹೆರಿಗೆಯಾಗಿ ಮೂರು ಗಂಟೆಯೊಳಗೆ. 15 ನಿಮಿಷ ತಡವಾದಂತೆಲ್ಲ ಪ್ರಯೋಜನ ಸುಮಾರು 10% ಕುಗ್ಗುತ್ತದೆ. ಹಾಗಾಗಿ ಶಿವಮೊಗ್ಗ ತಲುಪಿದ ಮೇಲೆ ಕೊಡೋಣ ಎನ್ನುವುದು ತಪ್ಪು ಲೆಕ್ಕ. ಒಂದು ಎಚ್ಚರಿಕೆ: ಟ್ರಾನೆಕ್ಸಾಮಿಕ್‌ನ ಆಂಪೂಲ್ (ಮದ್ದಿನ ಪುಟ್ಟ ಸೀಸೆ) ಅನ್ನು ಅರಿವಳಿಕೆ ಟ್ರೇಯಲ್ಲಿ ಇಡಲೇಬಾರದು. ಬೆನ್ನಿಗೆ ಕೊಡುವ ಅರಿವಳಿಕೆ ಮದ್ದೆಂದು ತಪ್ಪಾಗಿ ಚುಚ್ಚಿ ಜೀವ ಹೋದದ್ದುಂಟು.

ಜಿಲ್ಲಾ ಆರೋಗ್ಯ ಇಲಾಖೆ ಪ್ರತಿ ಹೆರಿಗೆ ಕಿಟ್‌ನಲ್ಲೂ ಡ್ರೇಪ್ ಸೇರಿಸಲಿ. ಅದು ಬರುವತನಕ ಒಣ ಪ್ಯಾಡ್ ತೂಗಿಟ್ಟು, ನೆನೆದ ಮೇಲೆ ಮತ್ತೆ ತೂಗಲಿ. ಹೆಚ್ಚಾದ ಒಂದು ಗ್ರಾಂಗೆ ಒಂದು ಮಿಲಿ ಎಂದು ಹಿಡಿದರೆ ನಡೆಯುತ್ತದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸುವ ಚೀಟಿಯಲ್ಲಿ ‘ರಕ್ತ ಜಾಸ್ತಿ ಹೋಗಿದೆ’ ಎಂದಷ್ಟೇ ಬರೆಯದೆ ಎಷ್ಟು ಮಿಲಿ, ಟ್ರಾನೆಕ್ಸಾಮಿಕ್ ಎಷ್ಟು ಗಂಟೆಗೆ ಕೊಟ್ಟದ್ದು ಎಂದು ನಮೂದಿಸಲಿ. 30 ನಿಮಿಷದ ಮೇಲೂ ರಕ್ತ ನಿಲ್ಲದಿದ್ದರೆ ಎರಡನೇ ಡೋಸ್ ಕೊಡಬೇಕಾಗುತ್ತದೆ, ಅಲ್ಲಿನವರಿಗೆ ಆ ಹೊತ್ತು ಗೊತ್ತಿರಬೇಕು.

– ಹೆರಿಗೆ ವಾರ್ಡಿನ ಶುಶ್ರೂಷಾಧಿಕಾರಿಗಳು, ತೀರ್ಥಹಳ್ಳಿ