ಹತ್ತು ವರ್ಷ ಓಡಿಸಿದವರನ್ನೂ ಕೇಳಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಜಪಾನ್ ಕಾರುಗಳ ಬಗ್ಗೆ ಪೂರ್ತಿ ಒಂದು ಪುಟ ಬಂದಿತ್ತು. ಖುಷಿಯಿಂದ ಓದಿದೆ. ಟೊಯೊಟಾ, ಹೋಂಡಾ, ನಿಸಾನ್, ಸುಜುಕಿ ಎಲ್ಲಕ್ಕೂ ಜಾಗ ಸಿಕ್ಕಿತ್ತು. ಮಜ್ದಾಗೆ ಮಾತ್ರ ಒಂದೇ ಒಂದು ಸಾಲು. ರೋಟರಿ ಎಂಜಿನ್ನಿಗೆ (ಪಿಸ್ಟನ್ ಬದಲು ರೋಟರ್ ಸುತ್ತುವ ಎಂಜಿನ್) ಕೈ ಹಾಕಿ ಸುಟ್ಟುಕೊಂಡ ಕಂಪನಿ ಅಂತ. ಅದು ಪೂರ್ತಿ ಸುಳ್ಳೇನಲ್ಲ, ಆದರೆ ಅಷ್ಟು ಹೇಳಿ ಸುಮ್ಮನಾಗುವುದು ಸರಿಯಲ್ಲ. ಇನ್ನೊಂದು ವಿಷಯ. ಪುಟದ ಕೆಳಗೆ 'ಮಾಲೀಕರ ಮಾತು' ಅಂತ ಒಂದು ಚೌಕ ಇತ್ತಲ್ಲ, ಅದರಲ್ಲಿ ಮಾತಾಡಿದ ಯಾರೂ ಆ ಕಾರನ್ನು ಒಂದು ವರ್ಷಕ್ಕಿಂತ ಜಾಸ್ತಿ ಓಡಿಸಿದವರಲ್ಲ. ಈ ಎರಡು ಕಾರಣಕ್ಕೆ ಈ ಪತ್ರ.

ನಾನು ಕೆಲಸದ ಮೇಲೆ ಹಿರೋಷಿಮಾದಲ್ಲಿ ಆರು ವರ್ಷ ಇದ್ದೆ. ಮಜ್ದಾ ಹುಟ್ಟಿದ್ದು, ಬೆಳೆದದ್ದು, ಈಗಲೂ ಇರುವುದು ಅಲ್ಲೇ. ನಗರದ ನಡುವೆಯೇ ಫುಚು ಅಂತ ಒಂದು ಪುಟ್ಟ ಪಟ್ಟಣ ಇದೆ, ಸುತ್ತಲೂ ಹಿರೋಷಿಮಾ, ನಡುವೆ ಇದು. ಕಂಪನಿಯ ಮುಖ್ಯ ಕಚೇರಿ ಇರುವುದು ಆ ಪಟ್ಟಣದಲ್ಲಿ. ಊರಿನ ಬೇಸ್‌ಬಾಲ್ ತಂಡ ಕಾರ್ಪ್‌ನ ಹೆಸರಿನಲ್ಲಿ 'ಟೊಯೊ' ಅಂತ ಬರುವುದು ಮಜ್ದಾದ ಹಳೆಯ ಹೆಸರಿನಿಂದ. ನಾನೂ ಮಜ್ದಾದ ಒಂದು ಹಳೆಯ ಡೆಮಿಯೊ ಕೊಂಡಿದ್ದೆ, ಚಿಕ್ಕ ಕಾರು. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ 'ಶಾಕೆನ್' ಅಂತ ಒಂದು ಕಡ್ಡಾಯ ತಪಾಸಣೆ ಇರುತ್ತದೆ. ಹಣ ಸಾಕಷ್ಟು ಖರ್ಚಾಗುತ್ತದೆ. ಹಾಗಾಗಿ ಪ್ರತಿ ಶಾಕೆನ್ ಬಂದಾಗಲೂ ಅಲ್ಲಿನ ಜನ ಈ ಕಾರು ಇಟ್ಟುಕೊಳ್ಳೋಣವಾ, ಬಿಡೋಣವಾ ಅಂತ ಕೂತು ಯೋಚಿಸುತ್ತಾರೆ. ಗ್ಯಾರೇಜಿನ ಬೆಂಚಿನ ಮೇಲೆ ಕಾಯುತ್ತಾ ಕೂತವರ ಮಾತು ಕೇಳಿಯೇ ನನಗೆ ಈ ಕಂಪನಿ ಅರ್ಥವಾಗಿದ್ದು. ಅವರ ಹೊಗಳಿಕೆಯಲ್ಲೂ ಬೈಗುಳದಲ್ಲೂ ಇತಿಹಾಸ ಇರುತ್ತಿತ್ತು.

ಮಜ್ದಾ ಶುರುವಾಗಿದ್ದು 1920ರಲ್ಲಿ, ಟೊಯೊ ಕಾರ್ಕ್ ಕೋಗ್ಯೊ ಅನ್ನುವ ಹೆಸರಿನಲ್ಲಿ, ಬಾಟಲಿ ಬಿರಡೆಗೆಲ್ಲ ಬಳಸುವ ಕಾರ್ಕ್ ಮಾಡುವ ಕಂಪನಿಯಾಗಿ. ಮರುವರ್ಷ ಮೀನುಗಾರರ ಮನೆಯಿಂದ ಬಂದ ಜುಜಿರೊ ಮತ್ಸುದಾ ಅದರ ಚುಕ್ಕಾಣಿ ಹಿಡಿದರು. ಕಾರ್ಕ್ ವ್ಯಾಪಾರ ಕುಸಿದಾಗ ಅವರು ಯಂತ್ರಗಳ ಕಡೆ ತಿರುಗಿದರು. 1931ರಲ್ಲಿ ಮೂರು ಚಕ್ರದ ಸಾಮಾನು ಗಾಡಿ ಬಂತು, ಹೆಸರು 'ಮಜ್ದಾ-ಗೋ'. ಪ್ರಾಚೀನ ಪರ್ಷಿಯಾದ ಜ್ಞಾನದೇವರು ಅಹುರ ಮಜ್ದಾ, ಮಾಲೀಕರ ಮನೆತನದ ಹೆಸರು ಮತ್ಸುದಾ, ಎರಡೂ ಸೇರಿದ ಹೆಸರು ಅದು. ಕಂಪನಿಗೇ ಅಧಿಕೃತವಾಗಿ ಮಜ್ದಾ ಅಂತ ಹೆಸರು ಬಂದಿದ್ದು ಮಾತ್ರ 1984ರಲ್ಲಿ.

1945ರ ಆಗಸ್ಟ್ 6 ಮತ್ಸುದಾ ಅವರ ಎಪ್ಪತ್ತನೇ ಹುಟ್ಟಿದ ದಿನ. ಅದೇ ಬೆಳಿಗ್ಗೆ ಬಾಂಬ್ ಬಿತ್ತು. ಕಾರ್ಖಾನೆ ಬಾಂಬ್ ಬಿದ್ದ ಜಾಗದಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿತ್ತು, ನಡುವೆ ಹಿಜಿಯಾಮಾ ಅನ್ನುವ ಗುಡ್ಡ. ಆ ಗುಡ್ಡ ಅಡ್ಡ ನಿಂತದ್ದರಿಂದ ಕಾರ್ಖಾನೆಯ ಕಟ್ಟಡಗಳು ಬಹುಪಾಲು ಉಳಿದವು. ನಗರದೊಳಗೆ ಇದ್ದ ಕೆಲಸಗಾರರಲ್ಲಿ ಅನೇಕರು ಉಳಿಯಲಿಲ್ಲ. ಸರ್ಕಾರಿ ಕಚೇರಿಗಳೇ ಬೂದಿಯಾಗಿದ್ದರಿಂದ ಹಿರೋಷಿಮಾ ಪ್ರಾಂತ್ಯದ ಆಡಳಿತ ಸುಮಾರು ಒಂದು ವರ್ಷ ಈ ಕಾರ್ಖಾನೆಯ ಕಟ್ಟಡದಿಂದಲೇ ನಡೆಯಿತು. ಡಿಸೆಂಬರ್ ಹೊತ್ತಿಗೆ, ಅಂದರೆ ನಾಲ್ಕೇ ತಿಂಗಳಲ್ಲಿ, ಮೂರು ಚಕ್ರದ ಗಾಡಿಗಳು ಮತ್ತೆ ಹೊರಬಂದವು. ಸುಟ್ಟುಹೋದ ಊರಿನಲ್ಲಿ ಇಟ್ಟಿಗೆ, ಮರ ಸಾಗಿಸಲು ಜನರಿಗೆ ಬೇಕಾಗಿದ್ದದ್ದೂ ಅಂಥ ಗಾಡಿಯೇ. ಹಿರೋಷಿಮಾದ ಹಿರಿಯರು ಮಜ್ದಾ ಬಗ್ಗೆ ಮಾತಾಡುವಾಗ ದನಿ ಬೇರೆಯಾಗುವುದು ಇದಕ್ಕೇ ಅಂತ ನನಗೆ ತಡವಾಗಿ ಗೊತ್ತಾಯಿತು.

ಇನ್ನು ರೋಟರಿ ವಿಷಯ. ಮಜ್ದಾ ಅದಕ್ಕೆ ಶೋಕಿಗಾಗಿ ಕೈ ಹಾಕಲಿಲ್ಲ. 1960ರ ಸುಮಾರಿಗೆ ಜಪಾನ್ ಸರ್ಕಾರಕ್ಕೆ ದೇಶದಲ್ಲಿ ಕಾರು ಕಂಪನಿಗಳು ಜಾಸ್ತಿಯಾಯಿತು, ಸಣ್ಣವು ದೊಡ್ಡವರ ಜೊತೆ ಸೇರಬೇಕು ಅನ್ನುವ ಯೋಚನೆ ಇತ್ತು. ಬೇರೆ ಯಾರ ಹತ್ತಿರವೂ ಇಲ್ಲದ ಏನಾದರೂ ಒಂದು ತಮ್ಮ ಕೈಲಿ ಇಲ್ಲದಿದ್ದರೆ ಉಳಿಗಾಲವಿಲ್ಲ ಅಂತ ಆಗಿನ ಅಧ್ಯಕ್ಷ ತ್ಸುನೆಜಿ ಮತ್ಸುದಾ ನಂಬಿದ್ದರು. 1961ರಲ್ಲಿ ಜರ್ಮನಿಯ ಎನ್‌ಎಸ್‌ಯು ಕಂಪನಿಯಿಂದ ಫೆಲಿಕ್ಸ್ ವಾಂಕೆಲ್ ಅವರ ಎಂಜಿನ್ ಮಾಡುವ ಹಕ್ಕು ತಂದರು. ಮೇಲೆ ಕೆಳಗೆ ಕುಣಿಯುವ ಪಿಸ್ಟನ್ ಇದರಲ್ಲಿ ಇಲ್ಲ. ನಡು ಸಣ್ಣಗಾದ ಕಡಲೆಕಾಯಿಯ ಆಕಾರದ ಗೂಡಿನೊಳಗೆ ಮೂರು ಮೂಲೆಯ ರೋಟರ್ ಸುತ್ತುತ್ತದೆ. ಚಿಕ್ಕದು, ಹಗುರ, ಓಟ ಬಲು ನಯ. ಆದರೆ ಆ ಮೂರು ತುದಿಗಳಲ್ಲಿ ಕೂರಿಸಿದ ಸೀಲುಗಳು ನಡುಗಿ ನಡುಗಿ ಗೂಡಿನ ಒಳಗೋಡೆಯನ್ನು ಕೆರೆಯುತ್ತಿದ್ದವು. ಆ ಗೀರುಗಳಿಗೆ ಎಂಜಿನಿಯರುಗಳು ಇಟ್ಟ ಹೆಸರು 'ದೆವ್ವದ ಉಗುರಿನ ಗುರುತು'. ಕೆನಿಚಿ ಯಾಮಾಮೊಟೊ ಮತ್ತು ಅವರ 47 ಎಂಜಿನಿಯರುಗಳ ತಂಡ ವರ್ಷಗಟ್ಟಲೆ ಒದ್ದಾಡಿ, ಕೊನೆಗೆ ಅಲ್ಯೂಮಿನಿಯಂ ಸೇರಿಸಿದ ಕಾರ್ಬನ್ ಸೀಲಿನಿಂದ ಆ ಉಗುರು ಕತ್ತರಿಸಿತು. 1967ರಲ್ಲಿ ಆ ಎಂಜಿನ್ನಿನ ಕಾರು ಕಾಸ್ಮೊ ಸ್ಪೋರ್ಟ್ ಮಾರಾಟಕ್ಕೆ ಬಂತು. ಎನ್‌ಎಸ್‌ಯು ಆ ಎಂಜಿನ್ನಿನ ಗಲಾಟೆಯಲ್ಲೇ ಸೋತು 1969ರಲ್ಲಿ ಫೋಕ್ಸ್‌ವ್ಯಾಗನ್ ಕೈ ಸೇರಿತು. ಮಜ್ದಾ ಉಳಿಯಿತು. ಸುಟ್ಟುಕೊಂಡಿತು ಅಂತ ಬರೆಯುವವರು ಇದನ್ನೂ ಬರೆಯಬೇಕು ಅಲ್ವಾ?

ಸುಟ್ಟುಕೊಂಡದ್ದು ಆಮೇಲೆ. 1973ರಲ್ಲಿ ತೈಲದ ಬೆಲೆ ಏರಿದಾಗ ಜಾಸ್ತಿ ಪೆಟ್ರೋಲ್ ಕುಡಿಯುವ ರೋಟರಿ ಕಾರುಗಳು ಅಮೆರಿಕದಲ್ಲಿ ನಿಂತಲ್ಲೇ ನಿಂತವು. ಕಾರ್ಖಾನೆಯಲ್ಲಿ ಸ್ಪ್ಯಾನರ್ ಹಿಡಿಯುತ್ತಿದ್ದವರನ್ನು ಸಾವಿರಾರು ಸಂಖ್ಯೆಯಲ್ಲಿ ಡೀಲರುಗಳ ಬಳಿ ಕಾರು ಮಾರಲು ಕಳಿಸಿದರು. ಸುಮಿಟೊಮೊ ಬ್ಯಾಂಕ್ ಕಂಪನಿಯ ನೆರವಿಗೆ ಬಂದು ನಿಂತಿತು, 1977ರಲ್ಲಿ ಮತ್ಸುದಾ ಕುಟುಂಬದವರು ಅಧ್ಯಕ್ಷ ಕುರ್ಚಿ ಬಿಟ್ಟರು, 1979ರಲ್ಲಿ ಫೋರ್ಡ್ ಶೇಕಡ 25ರಷ್ಟು ಪಾಲು ಕೊಂಡಿತು. ಇಷ್ಟೆಲ್ಲ ಆಗುತ್ತಿದ್ದಾಗಲೇ, 1978ರಲ್ಲಿ, ರೋಟರಿ ಬಿಡದೆ ಆರ್‌ಎಕ್ಸ್-7 ಅನ್ನುವ ಸ್ಪೋರ್ಟ್ಸ್ ಕಾರು ತಂದರು. ಮೂರು ತಲೆಮಾರಿನಲ್ಲಿ ಅದು ಎಂಟು ಲಕ್ಷಕ್ಕೂ ಹೆಚ್ಚು ತಯಾರಾಯಿತು.

ಮಾಲೀಕರ ಮಾತಿಗೆ ವರ್ಷಗಳ ತೂಕ ಬೇಕು ಅಂತ ನಾನು ಹೇಳುವುದಕ್ಕೆ ರೋಟರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಸೀಲುಗಳು ಒಣಗದಿರಲಿ ಅಂತ ಈ ಎಂಜಿನ್ ಬೇಕೆಂದೇ ಒಂದಿಷ್ಟು ಎಣ್ಣೆಯನ್ನು ಒಳಗೆ ಬಿಟ್ಟುಕೊಂಡು ಸುಡುತ್ತದೆ. ಹೊಸಬರು ಎಣ್ಣೆ ಕಡಿಮೆಯಾಯಿತು, ಎಂಜಿನ್ ಕೆಟ್ಟಿದೆ ಅಂತ ಗಾಬರಿಯಾಗುತ್ತಾರೆ. ಹಳಬರು ಡಿಕ್ಕಿಯಲ್ಲಿ ಒಂದು ಡಬ್ಬಿ ಎಣ್ಣೆ ಇಟ್ಟುಕೊಂಡು, ಪೆಟ್ರೋಲ್ ಹಾಕಿಸಿದಾಗಲೆಲ್ಲ ಕಡ್ಡಿ ಎತ್ತಿ ನೋಡುತ್ತಾರೆ. 2003ರಲ್ಲಿ ಬಂದ ಆರ್‌ಎಕ್ಸ್-8ರದ್ದೂ ಇದೇ ಕಥೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ನಾಲ್ಕು ಅಡಿ ಮುಂದೆ ತಂದು, ತಕ್ಷಣ ಆಫ್ ಮಾಡಿದರೆ ಪ್ಲಗ್ಗು ಪೆಟ್ರೋಲಿನಲ್ಲಿ ನೆನೆದು ಆಮೇಲೆ ಅದು ಏಳುವುದೇ ಕಷ್ಟ. ಕಾರು ತೊಳೆಯಲು ಹೊರಗೆ ತಂದ ಎಷ್ಟೋ ಜನಕ್ಕೆ ಹೀಗಾಗಿದೆ. ವರ್ಷ ಕಳೆದಂತೆ ಸೀಲು ಸವೆದು ಎಂಜಿನ್ನಿನೊಳಗಿನ ಒತ್ತಡ ಕಡಿಮೆಯಾಗುತ್ತದೆ. ಅಮೆರಿಕದಲ್ಲಿ ಕಂಪನಿಯೇ ಎಂಜಿನ್ನಿನ ವಾರಂಟಿಯನ್ನು 8 ವರ್ಷ ಅಥವಾ ಒಂದು ಲಕ್ಷ ಮೈಲಿಗೆ ಏರಿಸಬೇಕಾಯಿತು. ಇದ್ಯಾವುದೂ ಮೂರು ತಿಂಗಳ ಮಾಲೀಕರಿಗೆ ಗೊತ್ತಿರುವುದಿಲ್ಲ. ಅವರು ನಿಮಿಷಕ್ಕೆ ಒಂಬತ್ತು ಸಾವಿರ ಸುತ್ತಿನವರೆಗೆ ಹೋಗುವ ಆ ನಯವಾದ ಓಟದ ಗುಂಗಿನಲ್ಲೇ ಇರುತ್ತಾರೆ. ಎರಡನ್ನೂ ಕಂಡ ಮೇಲೂ ಕಾರು ಮಾರದವರ ಮಾತು ನನಗೆ ಮುಖ್ಯ.

ಒಂದು ತಪ್ಪು ಮಾತನ್ನು ಇಲ್ಲೇ ಸರಿಪಡಿಸುತ್ತೇನೆ. 1991ರಲ್ಲಿ ಫ್ರಾನ್ಸಿನ ಲೆ ಮಾನ್‌ನ 24 ಗಂಟೆ ಓಟವನ್ನು ನಾಲ್ಕು ರೋಟರಿನ ಮಜ್ದಾ 787ಬಿ ಗೆದ್ದಿತು, ಅಲ್ಲಿ ಗೆದ್ದ ಮೊದಲ ಜಪಾನಿ ಕಾರು ಅದು. ಗೆದ್ದಿದ್ದಕ್ಕೆ ಹೊಟ್ಟೆ ಉರಿದು ರೋಟರಿಯನ್ನೇ ನಿಷೇಧಿಸಿದರು ಅಂತ ಅಭಿಮಾನಿಗಳು ಹೇಳುತ್ತಾರೆ. ಹಾಗಲ್ಲ. 3.5 ಲೀಟರ್ ಪಿಸ್ಟನ್ ಎಂಜಿನ್ನಿನ ನಿಯಮ ಅದಕ್ಕೂ ಮೊದಲೇ ನಿಗದಿಯಾಗಿತ್ತು.

ಜಪಾನಿನ ಮಾಲೀಕರ ನಡುವೆ ಒಂದು ಹಳೆಯ ಮಾತಿದೆ: 'ಮಜ್ದಾ ಜಿಗೊಕು', ಅಂದರೆ ಮಜ್ದಾ ನರಕ. ಒಂದು ಕಾಲದಲ್ಲಿ ಡೀಲರುಗಳು ಹೊಸ ಕಾರಿಗೆ ಭಾರಿ ರಿಯಾಯಿತಿ ಕೊಡುತ್ತಿದ್ದರು. ಅದರಿಂದ ಹಳೆಯ ಮಜ್ದಾಗೆ ಪೇಟೆಯಲ್ಲಿ ಬೆಲೆಯೇ ಇರುತ್ತಿರಲಿಲ್ಲ. ಬೇರೆ ಕಂಪನಿಯವರ ಹತ್ತಿರ ಬದಲಾಯಿಸಲು ಹೋದರೆ ನಷ್ಟ, ಸ್ವಲ್ಪ ಒಳ್ಳೆಯ ಬೆಲೆ ಕೊಡುವವರು ಮಜ್ದಾ ಡೀಲರೇ. ಹಾಗಾಗಿ ಮತ್ತೆ ಮಜ್ದಾ, ಮತ್ತೆ ಮಜ್ದಾ. ನಮ್ಮ ಪಕ್ಕದ ಮನೆಯ ಹಿರಿಯರು ಸಾಲಾಗಿ ಐದು ಮಜ್ದಾ ಇಟ್ಟಿದ್ದರು, ಮೊದಲ ಮೂರು ಈ ನರಕದಿಂದ, ಆಮೇಲಿನ ಎರಡು ಇಷ್ಟಪಟ್ಟು ಅಂತ ಅವರೇ ಹೇಳುತ್ತಿದ್ದರು. 1989ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಕಂಪನಿ ಮಜ್ದಾ, ಆನ್‌ಫಿನಿ, ಯೂನೊಸ್, ಆಟೊಜಾಮ್, ಆಟೊರಾಮಾ ಅಂತ ಐದು ಹೆಸರಿನ ಮಾರಾಟ ಜಾಲ ಹರಡಿ ಕೈ ಸುಟ್ಟುಕೊಂಡಿತು. ನನ್ನ ಲೆಕ್ಕದಲ್ಲಿ ಅದು ರೋಟರಿಗಿಂತ ದೊಡ್ಡ ತಪ್ಪು. 1996ರಲ್ಲಿ ಫೋರ್ಡ್ ಪಾಲು ಶೇಕಡ 33.4ಕ್ಕೆ ಏರಿ, ಹೆನ್ರಿ ವಾಲೇಸ್ ಅಧ್ಯಕ್ಷರಾದರು. ಜಪಾನಿನ ಕಾರು ಕಂಪನಿಯೊಂದಕ್ಕೆ ಹೊರದೇಶದವರು ಅಧ್ಯಕ್ಷರಾದದ್ದು ಅದೇ ಮೊದಲು. 2008ರಿಂದ ಫೋರ್ಡ್ ಪಾಲು ಮಾರುತ್ತಾ ಬಂದು 2015ರಲ್ಲಿ ಪೂರ್ತಿ ಹೊರಗೆ ಹೋಯಿತು.

ಆದರೆ ಅದೇ 1989ರಲ್ಲಿ ರೋಡ್‌ಸ್ಟರ್ ಕೂಡ ಬಂತು, ಹೊರದೇಶಗಳಲ್ಲಿ ಎಂಎಕ್ಸ್-5 ಅಥವಾ ಮಿಯಾಟಾ. ಬಾಬ್ ಹಾಲ್ ಎಂಬ ಅಮೆರಿಕದ ಮೋಟಾರು ಪತ್ರಕರ್ತ ಹತ್ತು ವರ್ಷ ಮೊದಲೇ ಯಾಮಾಮೊಟೊ ಅವರಿಗೆ ಹೇಳಿದ್ದ ಮಾತು ಅದರ ಬೀಜ. ಹಳೆಯ ಬ್ರಿಟಿಷ್ ಕಾರುಗಳ ಹಾಗೆ ಎರಡೇ ಸೀಟು, ತೆರೆದ ಮಾಡು, ಎಂಜಿನ್ ಮುಂದೆ, ಓಡಿಸುವ ಚಕ್ರ ಹಿಂದೆ, ಅಂಥದ್ದೊಂದು ಮಾಡಿ ಅಂತ. 2016ರಲ್ಲಿ ಹತ್ತು ಲಕ್ಷದ ಕಾರು ತಯಾರಾಯಿತು. ಇದರ ಮಾಲೀಕರು ಸುಳ್ಳು ಹೇಳುವುದಿಲ್ಲ. ಎತ್ತರದವರಿಗೆ ಕಾಲು ಚಾಚಲಾಗದು, ಎರಡು ಚೀಲ ಇಟ್ಟರೆ ಡಿಕ್ಕಿ ತುಂಬಿತು, ಮೊದಲ ಮಾದರಿಯ ಹಿಂದಿನ ಪ್ಲಾಸ್ಟಿಕ್ ಕಿಟಕಿ ಕೆಲವೇ ವರ್ಷದಲ್ಲಿ ಮಬ್ಬು, ಮಾಡಿನ ನೀರು ಹರಿಯುವ ತೂತಿಗೆ ಎಲೆ ಸಿಕ್ಕಿದರೆ ಸೀಟಿನ ಹಿಂದೆ ನೀರು, ಎಲ್ಲಾ ಅವರೇ ಹೇಳುತ್ತಾರೆ. ಹೇಳಿ, ಮೂವತ್ತು ವರ್ಷ ಅದನ್ನೇ ಓಡಿಸುತ್ತಾರೆ. ನಗಾನೊ ಪ್ರಾಂತ್ಯದ ಕರುಯಿಜಾವಾದಲ್ಲಿ ಪ್ರತಿ ವರ್ಷ ಅವರ ಮೇಳ ಸೇರುತ್ತದೆ. ನಾನೂ ಒಮ್ಮೆ ಹೋಗಿದ್ದೆ. ಒಬ್ಬರು ಮದುವೆಗೆ ಮುಂಚೆ ಕೊಂಡ ಕಾರಿನಲ್ಲಿ ಈಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂದಿದ್ದರು, ಆ ದಿನ ಓಡಿಸಿದ್ದು ಮಗಳೇ. ಇಂಥವರ ಒತ್ತಾಯಕ್ಕೆ ಕಂಪನಿ ಮೊದಲ ತಲೆಮಾರಿನ ರೋಡ್‌ಸ್ಟರ್‌ಗಳನ್ನು ತಾನೇ ಹೊಸದಾಗಿ ಮಾಡಿಕೊಡುವ ಕೆಲಸ ಶುರು ಮಾಡಿತು, ನಿಂತುಹೋಗಿದ್ದ ಬಿಡಿಭಾಗಗಳನ್ನೂ ಮತ್ತೆ ತಯಾರಿಸಿತು.

ಈಚಿನ ಕಾರುಗಳ ಬಗ್ಗೆಯೂ ಎರಡು ಮಾತು. 2011ರಿಂದ ಬಂದ ಸ್ಕೈಆಕ್ಟಿವ್ ಎಂಜಿನ್ನುಗಳ ಪೆಟ್ರೋಲ್ ಮಾದರಿಗಳನ್ನು ದೀರ್ಘ ಕಾಲ ಓಡಿಸಿದವರು ಬಹುಪಾಲು ನೆಮ್ಮದಿಯಾಗಿದ್ದಾರೆ. ಡೀಸೆಲ್ ಹಾಗಲ್ಲ. ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸುವವರ ಎಂಜಿನ್ನಿನಲ್ಲಿ ಮಸಿ ಕಟ್ಟುತ್ತದೆ, ಜಪಾನಿನಲ್ಲಿ ಇದಕ್ಕೆ ರಿಕಾಲ್ ಕೂಡ ಆಗಿದೆ. 2000ದ ದಶಕದ ಮಜ್ದಾ 3 ಮತ್ತು 6 ಓಡಿಸಿದವರನ್ನು, ಅದರಲ್ಲೂ ಹಿಮಕ್ಕೆ ಉಪ್ಪು ಸುರಿಯುವ ದೇಶದವರನ್ನು ಕೇಳಿದರೆ ಮೊದಲು ತೋರಿಸುವುದು ಹಿಂದಿನ ಚಕ್ರದ ಮೇಲಿನ ತುಕ್ಕು. ಹೊಸ ಕಾರಿನ ಪರೀಕ್ಷೆಯಲ್ಲಿ ಇದು ಕಾಣುವುದಕ್ಕೆ ಸಾಧ್ಯವೇ ಇಲ್ಲ. ಇನ್ನು ಕಾರಿನ ಪರದೆ ನಡೆಸುವ ಆ ತಿರುಗಿಸುವ ಗುಂಡಿ. ಪರದೆ ಮುಟ್ಟಲು ಕೈ ಚಾಚಿದಾಗ ಸ್ಟೀರಿಂಗ್ ತಿಳಿಯದೆಯೇ ತುಸು ಎಳೆಯುತ್ತದೆ ಅಂತ ಎಂಜಿನಿಯರುಗಳು ಕಂಡುಕೊಂಡು, ಸೀಟಿನ ಪಕ್ಕದ ಗುಂಡಿಯಿಂದಲೇ ಎಲ್ಲಾ ನಡೆಸುವಂತೆ ಮಾಡಿದ್ದರು. ಮೊದಲ ವಾರ ಎಲ್ಲರೂ ಬೈಯುತ್ತಾರೆ. ವರ್ಷ ಕಳೆದವರು ಅದಿಲ್ಲದೆ ಆಗುವುದಿಲ್ಲ ಅನ್ನುತ್ತಾರೆ, ನಾನೂ ಅವರ ಪೈಕಿ. ಹೊಸ ಸಿಎಕ್ಸ್-5 ಕಾರಿನಲ್ಲಿ ಆ ಗುಂಡಿ ತೆಗೆದು ದೊಡ್ಡ ಪರದೆ ಇಟ್ಟಿದ್ದಾರೆ. ಮೊದಲ ವಾರದವರ ದೂರು ಗೆದ್ದಿತು ಅಂತ ನನಗೆ ಬೇಸರವಿದೆ.

ರೋಟರಿ ಕೂಡ 2023ರಲ್ಲಿ ವಾಪಸ್ ಬಂದಿದೆ. ಈ ಸಲ ಚಕ್ರ ತಿರುಗಿಸಲು ಅಲ್ಲ, ಎಂಎಕ್ಸ್-30 ಎಂಬ ಕಾರಿನಲ್ಲಿ ವಿದ್ಯುತ್ ತಯಾರಿಸಲು, 830 ಸಿಸಿಯ ಒಂದೇ ರೋಟರು. ಇದರ ಬಗ್ಗೆ ನಿಮ್ಮವರು ಮುಂದೆ ಬರೆದೇ ಬರೆಯುತ್ತಾರೆ. ಆಗ ಹೊಸದಾಗಿ ಕೊಂಡವರನ್ನು ಕೇಳಿ, ಬೇಡ ಅನ್ನುವುದಿಲ್ಲ. ಅವರ ಪಕ್ಕದಲ್ಲೇ ಇಪ್ಪತ್ತು ವರ್ಷ ರೋಟರಿ ಇಟ್ಟುಕೊಂಡ ಒಬ್ಬರ ಮಾತಿಗೂ ಅಷ್ಟೇ ಜಾಗ ಕೊಡಿ. ಎಣ್ಣೆ ಎಷ್ಟು ಸುಟ್ಟಿತು, ಎಂಜಿನ್ ಎಷ್ಟು ಸಲ ಬಿಚ್ಚಿಸಿದಿರಿ, ತುಕ್ಕು ಎಲ್ಲಿಂದ ಶುರುವಾಯಿತು, ಮಾರಬೇಕು ಅಂತ ಅನ್ನಿಸಿದ ದಿನ ಯಾಕೆ ಮಾರಲಿಲ್ಲ, ಇಷ್ಟನ್ನು ಅವರ ಬಾಯಲ್ಲೇ ಕೇಳಿ ಬರೆಸಿ.

ಇಂತಿ,
ನಿಮ್ಮ ಹಳೆಯ ಓದುಗ